ಬಿಸಿ ಎಲ್ಲಿ ತಪ್ಪಿತು?

ಕೆನಡಾ ದೇಶದ ಮ್ಯಾನಿಟೋಬಾ ಪ್ರಾಂತದ ರಾಜಧಾನಿ ವಿನ್ನಿಪೆಗ್. ರೆಡ್ ಮತ್ತು ಅಸಿನಿಬೋಯಿನ್ ಎಂಬ ಎರಡು ನದಿಗಳ ಸಂಗಮದಲ್ಲಿರುವ ಈ ನಗರದ ಸುತ್ತಲೂ ಕಣ್ಣು ಹಾಯುವಷ್ಟು ದೂರ ಬಯಲು. ಉತ್ತರದಿಂದ ಬೀಸುವ ಶೀತಗಾಳಿಗೆ ಅಲ್ಲಿ ತಡೆಯೆಂಬುದಿಲ್ಲ. ಜನವರಿ ತಿಂಗಳಿನ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 16 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಸೊನ್ನೆಯ ಕೆಳಗೆ 30 ಡಿಗ್ರಿಗೆ ಇಳಿಯುವ ರಾತ್ರಿಗಳೂ ಅಲ್ಲಿಯವರಿಗೆ ಹೊಸವಲ್ಲ. ಆ ಊರಿನ ಕಾರುಗಳ ಮುಂಭಾಗದಿಂದ ಒಂದು ವಿದ್ಯುತ್ ತಂತಿ, ಅದರ ತುದಿಗೊಂದು ಪ್ಲಗ್ಗು ಜೋತುಬಿದ್ದಿರುವುದನ್ನು ಕಂಡು ಹೊಸಬರು ಬೆರಗಾಗುತ್ತಾರೆ. ಹಟ್ಟಿಯಲ್ಲಿ ದನವನ್ನು ಗೂಟಕ್ಕೆ ಕಟ್ಟುವಂತೆ ಅಲ್ಲಿಯ ಜನರು ಚಳಿಗಾಲದ ರಾತ್ರಿಯಲ್ಲಿ ಕಾರನ್ನು ವಿದ್ಯುತ್ ಸಾಕೆಟ್ಟಿಗೆ ಕಟ್ಟುತ್ತಾರೆ. ಎಂಜಿನ್ನಿನೊಳಗಿನ ದ್ರವವನ್ನು ಬೆಚ್ಚಗಿಡುವ ಪುಟ್ಟ ವಿದ್ಯುತ್ ಉಪಕರಣವೊಂದು ಆ ತಂತಿಗೆ ಜೋಡಿಸಲ್ಪಟ್ಟಿರುತ್ತದೆ. ಅದಿಲ್ಲದಿದ್ದರೆ ಕಡುಚಳಿಯ ಬೆಳಗ್ಗೆ ಎಂಜಿನ್ ಚಾಲೂ ಆಗುವುದೇ ಕಷ್ಟ.

ಇಂಥ ಊರಿನ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಅವನ ಕಾರು ಹನ್ನೆರಡು ವರ್ಷ ಹಳೆಯದು. ಅವನು ಕೆಲಸ ಮಾಡುವ ಸ್ಥಳ ಊರಿನಾಚೆ, ಬ್ರ್ಯಾಂಡನ್ ಪಟ್ಟಣದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನಲವತ್ತು ಕಿಲೋಮೀಟರ್ ದೂರದಲ್ಲಿದೆ. ಒಂದು ಬೆಳಗ್ಗೆ ಅವನು ಎಂದಿನಂತೆ ಹೀಟರಿನ ಗುಂಡಿಯನ್ನು ಕೆಂಪು ಗುರುತಿನ ಕೊನೆಯವರೆಗೆ ತಿರುಗಿಸಿದನು. ಫ್ಯಾನು ಸದ್ದು ಮಾಡುತ್ತ ತಿರುಗಿತು. ಗಾಳಿ ಬಂದಿತು, ಬಿಸಿ ಬರಲಿಲ್ಲ. ಹತ್ತು ನಿಮಿಷ ಕಳೆಯಿತು, ಇಪ್ಪತ್ತು ನಿಮಿಷ ಕಳೆಯಿತು. ಅಷ್ಟರಲ್ಲಿ ಅವನ ಉಸಿರಿನ ತೇವವೇ ಮುಂದಿನ ಗಾಜಿಗೆ ತಗಲಿ, ಹೆಪ್ಪುಗಟ್ಟಿ, ಗಾಜಿನ ಒಳಮೈಯೆಲ್ಲ ಹಿಮದ ಪರದೆಯಾಯಿತು. ಅಂಗೈಯಗಲದಷ್ಟು ಜಾಗವನ್ನು ಕೆರೆದು ಕಿಂಡಿ ಮಾಡಿಕೊಂಡು, ಅದರೊಳಗಿಂದ ದಾರಿ ನೋಡುತ್ತ ಅವನು ಹೆದ್ದಾರಿಯಲ್ಲಿ ಸಾಗಿದನು. ಎದುರು ಬದಿಯಿಂದ ಬಂದ ಲಾರಿಯೊಂದರ ದೀಪ ಆ ಹಿಮದ ಮೇಲೆ ಬಿದ್ದಾಗ ಗಾಜೆಲ್ಲ ಬೆಳ್ಳಗೆ ಹೊಳೆದು, ಕೆಲವು ಕ್ಷಣ ಅವನಿಗೆ ರಸ್ತೆಯೇ ಕಾಣಿಸಲಿಲ್ಲ.

ಹೀಟರೆಂದರೆ ಸುಖಕ್ಕಾಗಿ ಇಟ್ಟ ಸಾಧನವೆಂದು ಬೆಚ್ಚಗಿನ ನಾಡಿನವರು ಭಾವಿಸುವುದು ಸಹಜ. ಆದರೆ ಶೀತದೇಶಗಳಲ್ಲಿ ಅದರ ಮೊದಲ ಕೆಲಸ ಚಾಲಕನ ಕಣ್ಣಿಗೆ ದಾರಿ ತೋರಿಸುವುದು. ಕಾಲು ಬೆಚ್ಚಗಿಡುವುದು ಎರಡನೆಯ ಕೆಲಸ. ಆದುದರಿಂದಲೇ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1968ರಿಂದ, ಮುಂದಿನ ಗಾಜಿನ ಮೇಲಿನ ಹಿಮವನ್ನೂ ಮಂಜನ್ನೂ ಕರಗಿಸುವ ವ್ಯವಸ್ಥೆ ಪ್ರತಿಯೊಂದು ಹೊಸ ಕಾರಿನಲ್ಲಿಯೂ ಇರಲೇಬೇಕೆಂದು ಸುರಕ್ಷತೆಯ ನಿಯಮವೊಂದು ವಿಧಿಸಿತು. ಬ್ರೇಕು, ದೀಪಗಳಂತೆ ಅದೂ ಕಡ್ಡಾಯವಾಯಿತು.

ಈ ಬಿಸಿ ಎಲ್ಲಿಂದ ಬರುತ್ತದೆ? ಕಾರಿನೊಳಗೆ ಹೀಟರಿಗೆಂದು ಬೇರೆಯೇ ಒಂದು ಒಲೆಯನ್ನು ಉರಿಸುವುದಿಲ್ಲ. ಮಲೆನಾಡಿನ ಹಳೆಯ ಮನೆಗಳಲ್ಲಿ ಒಲೆಯ ಮೇಲ್ಗಡೆ ಅಟ್ಟ ಕಟ್ಟಿ, ಮಳೆಗಾಲದಲ್ಲಿ ಹಸಿ ಸೌದೆಯನ್ನು ಅದರ ಮೇಲೆ ಒಣಗಿಸುವುದುಂಟು. ಬೆಂಕಿ ಹಾಕಿದ್ದು ಅನ್ನಕ್ಕೆ. ಅನ್ನಕ್ಕೆ ಬಳಕೆಯಾಗದೆ ಮೇಲೇರುವ ಶಾಖ ಸೌದೆಗೆ. ಕಾರಿನ ಹೀಟರಿನ ತತ್ತ್ವವೂ ಇದೇ. ಪೆಟ್ರೋಲು ಎಂಜಿನ್ನಿನೊಳಗೆ ಉರಿದಾಗ ಹುಟ್ಟುವ ಶಾಖಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ, ಹಲವು ಎಂಜಿನ್ನುಗಳಲ್ಲಿ ಅದಕ್ಕಿಂತಲೂ ಕಡಿಮೆ ಭಾಗ, ಚಕ್ರವನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಉಳಿದುದರಲ್ಲಿ ಬಹುಪಾಲು ಹೊಗೆಯೊಡನೆ ಹೊರಕ್ಕೆ ಹೋಗುತ್ತದೆ, ಇಲ್ಲವೆ ಎಂಜಿನ್ನಿನ ಲೋಹವನ್ನು ಕಾಯಿಸುತ್ತದೆ. ಆ ಲೋಹವನ್ನು ತಣಿಸದಿದ್ದರೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕೆಟ್ಟುಹೋಗುವುದು. ಆದುದರಿಂದ ಸಿಲಿಂಡರುಗಳ ಸುತ್ತ ತೂಬುಗಳನ್ನು ಮಾಡಿ, ಅವುಗಳಲ್ಲಿ ನೀರು ಸದಾ ಹರಿಯುವಂತೆ ಏರ್ಪಡಿಸಿದ್ದಾರೆ. ಈ ನೀರಿಗೆ ಬೇರೆ ವಸ್ತುವೂ ಬೆರೆತಿರುವುದರಿಂದ ಮೆಕ್ಯಾನಿಕರು ಇದನ್ನು ಕೂಲಂಟ್ ಎಂದು ಕರೆಯುತ್ತಾರೆ.

ಎಂಜಿನ್ನಿನ ಬಲದಿಂದಲೇ ತಿರುಗುವ ಒಂದು ಪಂಪು ಈ ಕೂಲಂಟನ್ನು ತಳ್ಳುತ್ತದೆ. ಶಾಖವನ್ನು ಹೀರಿಕೊಂಡ ಕೂಲಂಟು ಮುಂಭಾಗದ ರೇಡಿಯೇಟರಿಗೆ ಬಂದು, ಅಲ್ಲಿ ಗಾಳಿಗೆ ಶಾಖವನ್ನು ಒಪ್ಪಿಸಿ, ತಣಿದು ಹಿಂದಿರುಗುತ್ತದೆ. ಆದರೆ ಎಂಜಿನ್ ತೀರ ತಣ್ಣಗಿದ್ದರೂ ಚೆನ್ನಾಗಿ ನಡೆಯದು. ಅದಕ್ಕಾಗಿ ರೇಡಿಯೇಟರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ದ್ವಾರಪಾಲಕನೊಬ್ಬನಿದ್ದಾನೆ. ಅದರೊಳಗಿನ ಪುಟ್ಟ ಡಬ್ಬಿಯಲ್ಲಿ ಒಂದು ಬಗೆಯ ಮೇಣವನ್ನು ತುಂಬಿರುತ್ತಾರೆ. ಕೂಲಂಟು ತಣ್ಣಗಿರುವಾಗ ಮೇಣ ಗಟ್ಟಿಯಾಗಿದ್ದು ಬಾಗಿಲು ಮುಚ್ಚಿರುತ್ತದೆ. ಸಾಮಾನ್ಯವಾಗಿ 82ರಿಂದ 95 ಡಿಗ್ರಿಯೊಳಗಿನ ಒಂದು ನಿಶ್ಚಿತ ಉಷ್ಣತೆಯಲ್ಲಿ ಮೇಣ ಕರಗಿ, ಹಿಗ್ಗಿ, ಬಾಗಿಲನ್ನು ತಳ್ಳಿ ತೆರೆಯುತ್ತದೆ. ವಿದ್ಯುತ್ತು ಬೇಡ, ಚಾಲಕನ ಅಪ್ಪಣೆ ಬೇಡ. ಮೇಣವೊಂದು ಕರಗುವ ಗುಣದಿಂದಲೇ ಇಷ್ಟು ಕೆಲಸ ನಡೆಯುತ್ತದೆ.

ಹೀಟರಿಗೆ ಹೋಗುವ ದಾರಿ ಬೇರೆ. ಬೆರಳುಗಾತ್ರಕ್ಕಿಂತ ತುಸು ದಪ್ಪವಾದ ಎರಡು ರಬ್ಬರು ಕೊಳವೆಗಳು ಎಂಜಿನ್ನಿನಿಂದ ಹೊರಟು, ಎಂಜಿನ್ನಿಗೂ ಪ್ರಯಾಣಿಕರಿಗೂ ನಡುವೆ ಇರುವ ತಗಡಿನ ಗೋಡೆಯನ್ನು ದಾಟಿ, ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಒಂದು ಮರಿ ರೇಡಿಯೇಟರನ್ನು ಸೇರುತ್ತವೆ. ಒಂದರಲ್ಲಿ ಬಿಸಿ ಕೂಲಂಟು ಒಳಕ್ಕೆ ಬರುತ್ತದೆ. ಇನ್ನೊಂದರಲ್ಲಿ ತುಸು ತಣಿದು ಹಿಂದಕ್ಕೆ ಹೋಗುತ್ತದೆ. ಫ್ಯಾನು ಈ ಮರಿ ರೇಡಿಯೇಟರಿನ ಮೂಲಕ ಗಾಳಿಯನ್ನು ನೂಕುತ್ತದೆ. ಗಾಳಿಯ ಹಾದಿಯಲ್ಲಿ ಒಂದು ತಟ್ಟೆಬಾಗಿಲು ಉಂಟು. ಚಾಲಕನು ಗುಂಡಿಯನ್ನು ಕೆಂಪಿನ ಕಡೆ ತಿರುಗಿಸಿದರೆ ಆ ಬಾಗಿಲು ಗಾಳಿಯನ್ನು ಬಿಸಿಯ ಕಡೆಗೂ, ನೀಲಿಯ ಕಡೆ ತಿರುಗಿಸಿದರೆ ಬಿಸಿಯನ್ನು ತಪ್ಪಿಸಿ ನೇರವಾಗಿಯೂ ಕಳುಹಿಸುತ್ತದೆ. ಕೆಲವು ಕಾರುಗಳಲ್ಲಿ ಕೊಳವೆಯ ಮೇಲೆಯೇ ಒಂದು ಕವಾಟವೂ ಇರುತ್ತದೆ.

ಮೊದಲಿನಿಂದಲೂ ಹೀಗೆಯೇ ಇರಲಿಲ್ಲ. ಆರಂಭದ ಮೋಟಾರುಗಳಿಗೆ ಬದಿಯ ಗಾಜುಗಳೂ ಇರಲಿಲ್ಲ. ಪ್ರಯಾಣಿಕರು ಕಂಬಳಿ ಹೊದ್ದು ಕುಳಿತುಕೊಳ್ಳುತ್ತಿದ್ದರು. ಅನಂತರ ಹೊಗೆಕೊಳವೆಯ ಸುತ್ತ ಕಾದ ಗಾಳಿಯನ್ನು ಒಳಕ್ಕೆ ಬಿಡುವ ಹೀಟರುಗಳು ಬಂದವು. ಇವು ಅಗ್ಗವಾದರೂ ಅಪಾಯಕರ. ಹೊಗೆಕೊಳವೆಯಲ್ಲಿ ಒಂದು ಬಿರುಕು ಬಿಟ್ಟರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬೆಚ್ಚಗಿನ ಗಾಳಿಯೊಡನೆ ಒಳಗೆ ಸೇರುವುದು. ನೀರಿಲ್ಲದೆ ಗಾಳಿಯಿಂದಲೇ ತಣಿಯುತ್ತಿದ್ದ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಇದೇ ಬಗೆಯ ಏರ್ಪಾಡು ಉಳಿದುಕೊಂಡಿತ್ತು. ಆ ಕಾರು ಮೆಕ್ಸಿಕೋ ದೇಶದಲ್ಲಿ 2003ರವರೆಗೂ ತಯಾರಾಯಿತು. ಉಳಿದ ಬಹುತೇಕ ಕಾರುಗಳು ಬಿಸಿನೀರಿನ ಹೀಟರನ್ನೇ ಅನುಸರಿಸಿದವು.

ಮೇಲೆ ಹೇಳಿದ ಗೃಹಸ್ಥನು ಆ ದಿನ ಸಂಜೆ ಕಾರನ್ನು ಹತ್ತಿರದ ಒಂದು ಗ್ಯಾರೇಜಿಗೆ ಒಯ್ದನು. ಅಲ್ಲಿದ್ದ ಯುವಕನು ಗಾಳಿಗೆ ಅಂಗೈ ಒಡ್ಡಿ ನೋಡಿ, ಮರಿ ರೇಡಿಯೇಟರು ಕಟ್ಟಿಕೊಂಡಿರಬೇಕೆಂದೂ, ಹೊಸದನ್ನು ಹಾಕಬೇಕೆಂದೂ ಹೇಳಿದನು. ಅದನ್ನು ಬದಲಾಯಿಸುವುದೆಂದರೆ ಡ್ಯಾಶ್‌ಬೋರ್ಡನ್ನು ಪೂರ್ತಿ ಬಿಚ್ಚಬೇಕು. ಅನೇಕ ಕಾರುಗಳಲ್ಲಿ ಅದು ಇಡೀ ದಿನದ ಕೆಲಸ. ಬಿಡಿಭಾಗದ ಬೆಲೆಗಿಂತ ಕೂಲಿಯೇ ಹೆಚ್ಚು. ಗೃಹಸ್ಥನು ಆಲೋಚಿಸಿ ತಿಳಿಸುತ್ತೇನೆಂದು ಹೇಳಿ, ಮರುದಿನ ತನ್ನ ಬೀದಿಯಲ್ಲಿಯೇ ಇದ್ದ ಒಬ್ಬ ವೃದ್ಧ ಮೆಕ್ಯಾನಿಕನ ಬಳಿಗೆ ಹೋದನು.

ವೃದ್ಧನು ಕಾರನ್ನು ಮುಟ್ಟಲಿಲ್ಲ. ಮೊದಲು ಪ್ರಶ್ನೆಗಳನ್ನು ಕೇಳಿದನು.

"ಗಾಳಿ ಜೋರಾಗಿ ಬರುತ್ತದೆಯೆ?"

"ಬರುತ್ತದೆ. ಆದರೆ ತಣ್ಣಗೆ."

"ಹಾಗಾದರೆ ಫ್ಯಾನಿನದೂ ಫ್ಯೂಸಿನದೂ ತಪ್ಪಿಲ್ಲ. ಯಾವಾಗಲೂ ತಣ್ಣಗೆಯೋ, ಕೆಲವೊಮ್ಮೆ ಮಾತ್ರವೋ?"

ಗೃಹಸ್ಥನು ನೆನಪುಮಾಡಿಕೊಂಡನು. ದಾರಿಯಲ್ಲಿ ವೇಗವಾಗಿ ಹೋಗುವಾಗ ಗಾಳಿ ಸ್ವಲ್ಪ ಬೆಚ್ಚಗಾದಂತೆ ತೋರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತೊಡನೆ ಮತ್ತೆ ತಣ್ಣಗಾಗುತ್ತಿತ್ತು.

"ಉಷ್ಣತೆ ತೋರಿಸುವ ಮುಳ್ಳು ಎಲ್ಲಿ ನಿಲ್ಲುತ್ತದೆ?"

"ನಡುವೆಯೇ ಇರುತ್ತದೆ. ಒಂದೆರಡು ಸಲ ಮೇಲಕ್ಕೆ ಏರಿ ಇಳಿಯಿತು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ."

ವೈದ್ಯನು ನಾಡಿ ಹಿಡಿಯುವ ಮೊದಲೇ ರೋಗಿಯ ಮಾತಿನಿಂದ ಅರ್ಧ ತಿಳಿದುಕೊಳ್ಳುವಂತೆ, ಮೆಕ್ಯಾನಿಕನಿಗೆ ಈ ಮೂರು ಉತ್ತರಗಳಿಂದಲೇ ಬಹಳಷ್ಟು ತಿಳಿಯಿತು. ಇದರಲ್ಲಿ ಮಾಟವೇನೂ ಇಲ್ಲ. ಪಂಪು ತಿರುಗುವುದು ಎಂಜಿನ್ನಿನೊಡನೆ. ಎಂಜಿನ್ ವೇಗವಾಗಿ ತಿರುಗಿದರೆ ಪಂಪು ಹೆಚ್ಚು ಬಲದಿಂದ ತಳ್ಳುತ್ತದೆ. ನಿಧಾನವಾದರೆ ಅದರ ಬಲವೂ ಕುಗ್ಗುತ್ತದೆ. ವೇಗದಲ್ಲಿ ಬೆಚ್ಚಗೆ, ನಿಂತಾಗ ತಣ್ಣಗೆ ಎಂದರೆ ಕೂಲಂಟು ಹೀಟರಿನವರೆಗೆ ಏರಲು ಕಷ್ಟಪಡುತ್ತಿದೆ ಎಂದರ್ಥ. ಥರ್ಮೋಸ್ಟಾಟು ತೆರೆದಲ್ಲಿಯೇ ಸಿಕ್ಕಿಕೊಂಡಿದ್ದರೆ ಲಕ್ಷಣ ಇದಕ್ಕೆ ತೀರ ವಿರುದ್ಧವಾಗಿರುತ್ತಿತ್ತು. ಆಗ ನಿಂತಲ್ಲಿ ಅಷ್ಟಿಷ್ಟು ಬಿಸಿಯಾದ ಎಂಜಿನ್, ಹೆದ್ದಾರಿಯ ಕೊರೆಯುವ ಗಾಳಿ ರೇಡಿಯೇಟರಿಗೆ ಹೊಡೆದೊಡನೆ ತಣ್ಣಗಾಗಿ, ಮುಳ್ಳು ಕೆಳಗಿಳಿದು, ಹೀಟರೂ ತಣಿಯುತ್ತಿತ್ತು.

ಎಂಜಿನ್ ಪೂರ್ತಿ ಆರುವವರೆಗೆ ಕಾದು, ವೃದ್ಧನು ಬಾನೆಟ್ಟನ್ನು ಎತ್ತಿ ರೇಡಿಯೇಟರಿನ ಮುಚ್ಚಳವನ್ನು ತೆರೆದನು. ಈ ಕಾಯುವಿಕೆ ಮುಖ್ಯವಾದುದು. ಬಿಸಿ ಎಂಜಿನ್ನಿನಲ್ಲಿ ಕೂಲಂಟು ಒತ್ತಡಕ್ಕೆ ಒಳಗಾಗಿರುತ್ತದೆ. ಒತ್ತಡ ಹೆಚ್ಚಿದಷ್ಟೂ ದ್ರವದ ಕುದಿಯುವ ಬಿಂದು ಏರುವುದರಿಂದ, 100 ಡಿಗ್ರಿಯನ್ನು ದಾಟಿದರೂ ಅದು ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳವನ್ನು ಬಿಚ್ಚಿದೊಡನೆ ಒತ್ತಡ ಇಳಿದು, ಅಷ್ಟೂ ದ್ರವ ಒಮ್ಮೆಲೇ ಕುದಿದು, ಮುಖಕ್ಕೂ ಕೈಗೂ ಚಿಮ್ಮುತ್ತದೆ. ಹೀಗೆ ಸುಟ್ಟುಕೊಂಡವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವಸರದಲ್ಲಿ ಬಟ್ಟೆ ಸುತ್ತಿ ತೆರೆಯುವ ಅಭ್ಯಾಸವೂ ಒಳ್ಳೆಯದಲ್ಲ.

ಮುಚ್ಚಳದ ಅಂಚಿನವರೆಗೆ ಇರಬೇಕಾದ ಕೂಲಂಟು ಕಣ್ಣಿಗೆ ಕಾಣದಷ್ಟು ಕೆಳಗಿಳಿದಿತ್ತು. ವೃದ್ಧನು ಅಳತೆಯ ಪಾತ್ರೆಯಿಂದ ಸುರಿಯುತ್ತ ಹೋದನು. ಎರಡು ಲೀಟರುಗಳಷ್ಟು ಹಿಡಿಯಿತು. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾತ್ರ ಕೂಲಂಟು ಗುರುತಿನವರೆಗೂ ಇತ್ತು. ಗೃಹಸ್ಥನು ಆ ಡಬ್ಬಿಯನ್ನಷ್ಟೇ ನೋಡಿ ಎಲ್ಲವೂ ಸರಿಯಾಗಿದೆಯೆಂದು ನಂಬಿದ್ದನು. ಮುಚ್ಚಳದ ರಬ್ಬರು ಸವೆದಿದ್ದರೆ ಡಬ್ಬಿಯಿಂದ ರೇಡಿಯೇಟರಿಗೆ ದ್ರವ ಹಿಂದಿರುಗುವುದಿಲ್ಲ. ಡಬ್ಬಿ ತುಂಬಿದ್ದು ರೇಡಿಯೇಟರು ಬರಿದಾಗಿರುವುದು ಹೀಗೆ.

ಎಂಜಿನ್ನಿನಲ್ಲಿ ಇನ್ನೂ ಸಾಕಷ್ಟು ಕೂಲಂಟು ಉಳಿದಿರುವಾಗ ಹೀಟರೇ ಮೊದಲು ತಣ್ಣಗಾಗುವುದೇಕೆ? ಅನೇಕ ಕಾರುಗಳಲ್ಲಿ ಹೀಟರಿನ ಮರಿ ರೇಡಿಯೇಟರು ಕೂಲಂಟಿನ ದಾರಿಯಲ್ಲೆಲ್ಲ ಎತ್ತರದ ಸ್ಥಳದಲ್ಲಿರುತ್ತದೆ. ಕೆರೆಯ ನೀರು ಇಳಿದಾಗ ಎತ್ತರದ ಗದ್ದೆ ಮೊದಲು ಒಣಗುವಂತೆ, ಕೂಲಂಟು ಕಡಿಮೆಯಾದಾಗ ಮೊದಲು ಬರಿದಾಗುವುದು ಅದೇ. ಬರಿದಾದ ಜಾಗದಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಪಂಪು ದ್ರವವನ್ನು ತಳ್ಳಬಲ್ಲದೇ ಹೊರತು ಗಾಳಿಯ ಗುಳ್ಳೆಯನ್ನು ಸುಲಭವಾಗಿ ತಳ್ಳಲಾರದು. ಆದುದರಿಂದ ಹೀಟರಿನ ತಣ್ಣನೆಯ ಗಾಳಿ ಎಷ್ಟೋ ವೇಳೆ ಎಂಜಿನ್ ಕಳುಹಿಸಿದ ಮುನ್ಸೂಚನೆಯ ಪತ್ರ. ಅದನ್ನು ಓದದೆ ಕಂಬಳಿ ಹೊದ್ದು ಓಡಿಸುತ್ತ ಹೋದವನ ಎಂಜಿನ್, ಹೊರಗೆ ಹಿಮ ಬೀಳುತ್ತಿರುವಾಗಲೇ, ಒಳಗೆ ಕಾದು ಬಿರಿಯಬಹುದು. ಉಷ್ಣತೆಯ ಮುಳ್ಳನ್ನು ಪೂರ್ತಿ ನೆಚ್ಚುವಂತೆಯೂ ಇಲ್ಲ. ಅದರ ಸಂವೇದಕ ದ್ರವದಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಸಂಗತಿಯನ್ನು ಹೇಳುತ್ತದೆ. ಗಾಳಿಯಲ್ಲಿದ್ದರೆ ತಪ್ಪು ಹೇಳುವುದುಂಟು.

ಸುರಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಳಗೆ ಸೇರಿದ ಗಾಳಿಯನ್ನು ಹೊರದೂಡಬೇಕು. ವೃದ್ಧನು ಕಾರಿನ ಮುಂಭಾಗ ತುಸು ಎತ್ತರಕ್ಕೆ ಬರುವಂತೆ ನಿಲ್ಲಿಸಿ, ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣಗಿದ್ದಾಗಲೇ ಮುಚ್ಚಳವನ್ನು ತೆರೆದಿಟ್ಟು ಎಂಜಿನ್ನನ್ನು ನಿಧಾನಗತಿಯಲ್ಲಿ ನಡೆಸಿದನು. ಕೂಲಂಟು ಬಿಸಿಯಾಗುತ್ತ ಬಂದಂತೆ ಗುಳ್ಳೆಗಳು ಮೇಲೆದ್ದು ಒಡೆದವು, ದ್ರವದ ಮಟ್ಟ ಇಳಿಯಿತು, ಮತ್ತೆ ತುಂಬಿದನು. ಕೆಲವು ಕಾರುಗಳಲ್ಲಿ ಗಾಳಿ ಬಿಡುವುದಕ್ಕೆಂದೇ ಒಂದು ತಿರುಪು ಇರುತ್ತದೆ. ಗುಳ್ಳೆಗಳು ನಿಂತ ಮೇಲೆ ಮುಚ್ಚಳ ಹಾಕಿದನು. ಹೀಟರಿನಿಂದ ಬಿಸಿಗಾಳಿ ಬಂದಿತು. ಗೃಹಸ್ಥನ ಮುಖ ಅರಳಿತು. ಅವನು ಹಣ ಕೊಡಲು ಜೇಬಿಗೆ ಕೈಹಾಕಿದನು.

"ಇನ್ನೂ ಮುಗಿಯಲಿಲ್ಲ" ಎಂದನು ವೃದ್ಧ. "ಎರಡು ಲೀಟರು ಎಲ್ಲಿಗೆ ಹೋಯಿತು?"

ಈ ಪ್ರಶ್ನೆಯನ್ನು ಕೇಳುವುದೇ ಈ ಕಸುಬಿನ ತಿರುಳು. ಕೂಲಂಟು ಮುಚ್ಚಿದ ಕೊಳವೆಗಳಲ್ಲಿ ಸುತ್ತುವ ದ್ರವ. ಪೆಟ್ರೋಲಿನಂತೆ ಅದು ಉರಿದು ಮುಗಿಯುವುದಿಲ್ಲ. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ. ಮೊದಲ ಗ್ಯಾರೇಜಿನವನು ಹೇಳಿದಂತೆ ಮರಿ ರೇಡಿಯೇಟರನ್ನು ಬದಲಾಯಿಸಿದ್ದರೆ ಏನಾಗುತ್ತಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಆ ಕೆಲಸಕ್ಕಾಗಿ ಕೂಲಂಟನ್ನೆಲ್ಲ ಹೊರಬಿಟ್ಟು, ಕೊನೆಯಲ್ಲಿ ಹೊಸದನ್ನು ಪೂರ್ತಿ ತುಂಬಬೇಕಾಗುತ್ತಿತ್ತು. ತುಂಬಿದೊಡನೆ ಬಿಸಿಗಾಳಿ ಬಂದೇ ಬರುತ್ತಿತ್ತು. ಹಳೆಯ ಮರಿ ರೇಡಿಯೇಟರಿನದೇ ದೋಷವೆಂದು ಗ್ಯಾರೇಜಿನವನೂ ನಂಬುತ್ತಿದ್ದನು, ಹಣ ತೆತ್ತವನೂ ನಂಬುತ್ತಿದ್ದನು. ಕೆಲವು ವಾರಗಳ ಅನಂತರ ಕೂಲಂಟು ಮತ್ತೆ ಸೋರಿ ಹೀಟರು ಮತ್ತೆ ತಣ್ಣಗಾದಾಗ, ಹೊಸ ಭಾಗವೂ ಕೆಟ್ಟಿತೆಂದು ಇಬ್ಬರೂ ಜಗಳವಾಡುತ್ತಿದ್ದರು. ತಪ್ಪು ಚಿಕಿತ್ಸೆಯಿಂದ ರೋಗ ಕೆಲವು ದಿನ ಇಳಿದಂತೆ ಕಾಣುವುದಕ್ಕಿಂತ ದಾರಿ ತಪ್ಪಿಸುವ ಸಂಗತಿ ಇನ್ನೊಂದಿಲ್ಲ.

ಸೋರಿದ ದ್ರವದ ಜಾಡು ಹಿಡಿಯುವುದು ಸುಲಭವಲ್ಲ. ಓಡುವ ಕಾರಿನಲ್ಲಿ ಹನಿಹನಿಯಾಗಿ ಜಿನುಗಿದ್ದು ಬಿಸಿ ಲೋಹದ ಮೇಲೆ ಬಿದ್ದು ಆವಿಯಾಗುತ್ತದೆ. ನೆಲದ ಮೇಲೆ ಗುರುತು ಉಳಿಯುವುದಿಲ್ಲ. ವೃದ್ಧನು ಒಳಗಿನ ನೆಲಹಾಸನ್ನು ಒತ್ತಿ ನೋಡಿದನು, ಒಣಗಿತ್ತು. ಮರಿ ರೇಡಿಯೇಟರೇ ಒಡೆದಿದ್ದರೆ ನೆಲಹಾಸು ಒದ್ದೆಯಾಗಿ, ಕಾರಿನೊಳಗೆ ಸಿಹಿಯಾದ ವಾಸನೆ ಹರಡಿ, ಗಾಜಿನ ಮೇಲೆ ಜಿಡ್ಡುಜಿಡ್ಡಾದ ಮಂಜು ಕೂರುತ್ತದೆ. ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಹೊರತೆಗೆದನು, ಎಣ್ಣೆ ಸ್ವಚ್ಛವಾಗಿತ್ತು. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟವಾದ ಬಿಳಿ ಹೊಗೆ ಬರುತ್ತಿದ್ದರೆ, ಅಥವಾ ರೇಡಿಯೇಟರಿನಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ, ಸಿಲಿಂಡರುಗಳ ಮೇಲಿನ ಹೆಡ್ ಗ್ಯಾಸ್ಕೆಟ್ ಸುಟ್ಟಿದೆಯೆಂದು ಶಂಕಿಸಬೇಕು. ಅದು ದೊಡ್ಡ ರಿಪೇರಿ. ಇಲ್ಲಿ ಆ ಲಕ್ಷಣಗಳಾವುವೂ ಇರಲಿಲ್ಲ. ಕೊನೆಗೆ ಟಾರ್ಚು ಹಿಡಿದು ಪಂಪಿನ ಕೆಳಭಾಗವನ್ನು ನೋಡಿದನು. ಅಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಪಂಪಿನ ಒಳಗಿನ ಬಿಗಿಮುದ್ರೆ ಸವೆದರೆ ಆ ರಂಧ್ರದಿಂದ ದ್ರವ ಜಿನುಗಲಿ ಎಂದೇ ತಯಾರಕರು ಅದನ್ನು ಇಟ್ಟಿರುತ್ತಾರೆ. ರಂಧ್ರದಿಂದ ಕೆಳಗೆ ಒಣಗಿದ ಬಿಳಿಯ ಗೆರೆಯೊಂದು, ಗೋಡೆಯ ಮೇಲೆ ಸುಣ್ಣದ ನೀರು ಇಳಿದಂತೆ, ಕಾಣಿಸಿತು.

ಪಂಪನ್ನೂ ಸವೆದ ಮುಚ್ಚಳವನ್ನೂ ಬದಲಾಯಿಸಬೇಕಾಯಿತು. ಅದಕ್ಕೂ ಖರ್ಚಾಯಿತು, ಆದರೆ ಡ್ಯಾಶ್‌ಬೋರ್ಡನ್ನು ಬಿಚ್ಚುವ ಖರ್ಚಿನೊಡನೆ ಹೋಲಿಸಿದರೆ ಕಡಿಮೆಯೇ.

ಕೂಲಂಟು ತುಂಬಿದ್ದರೂ ಗಾಳಿ ತಣ್ಣಗೆ ಬರುವುದುಂಟು. ಆಗ ಮೆಕ್ಯಾನಿಕರು ಆಶ್ರಯಿಸುವುದು ಆ ಎರಡು ರಬ್ಬರು ಕೊಳವೆಗಳನ್ನು. ಎಂಜಿನ್ ಚೆನ್ನಾಗಿ ಕಾದ ಮೇಲೆ ಅದನ್ನು ನಿಲ್ಲಿಸಿ, ಕೈಗವಸು ತೊಟ್ಟು ಎರಡನ್ನೂ ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ರೇಡಿಯೇಟರಿನ ವಿದ್ಯುತ್ ಫ್ಯಾನು ಎಂಜಿನ್ ನಿಂತಿದ್ದಾಗಲೂ ತಾನಾಗಿಯೇ ತಿರುಗಬಲ್ಲದಾದ್ದರಿಂದ ಕೈಯನ್ನು ಅದರಿಂದ ದೂರವಿಡಬೇಕು. ಎರಡು ಕೊಳವೆಗಳೂ ಬಿಸಿಯಾಗಿದ್ದರೆ ಶಾಖ ಹೀಟರಿನವರೆಗೆ ಬಂದು ಹಿಂದಿರುಗುತ್ತಿದೆ. ಗಾಳಿ ಮಾತ್ರ ಅದನ್ನು ತಲುಪುತ್ತಿಲ್ಲ. ಅಂದರೆ ತಟ್ಟೆಬಾಗಿಲು ಮುಚ್ಚಿಕೊಂಡಿದೆ. ಹಳೆಯ ಕಾರುಗಳಲ್ಲಿ ಅದನ್ನು ಎಳೆಯುವ ತಂತಿ ಕಳಚಿರಬಹುದು. ಈಚಿನವುಗಳಲ್ಲಿ ಅದನ್ನು ತಿರುಗಿಸುವ ಪುಟ್ಟ ಮೋಟಾರಿನ ಪ್ಲಾಸ್ಟಿಕ್ ಹಲ್ಲುಚಕ್ರ ಮುರಿದಿರಬಹುದು. ಡ್ಯಾಶ್‌ಬೋರ್ಡಿನ ಹಿಂದೆ ಟಕಟಕ ಸದ್ದು ಕೇಳಿಬರುತ್ತಿದ್ದರೆ ಈ ಊಹೆಗೆ ಬಲ ಬರುತ್ತದೆ. ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದಾದರೆ ಕೂಲಂಟು ಬಾಗಿಲವರೆಗೆ ಬಂದಿದೆ, ದಾಟಿ ಹೋಗಿಲ್ಲ. ಆಗ ಮಾತ್ರವೇ ಮರಿ ರೇಡಿಯೇಟರು ಕಟ್ಟಿಕೊಂಡಿದೆಯೆಂದೋ, ಅದರ ಕವಾಟ ಮುಚ್ಚಿದೆಯೆಂದೋ ತಿಳಿಯಬೇಕು. ಎರಡೂ ತಣ್ಣಗಿದ್ದರೆ ಕೂಲಂಟು ಅತ್ತ ಸುಳಿದೇ ಇಲ್ಲ. ಎರಡೂ ಉಗುರುಬೆಚ್ಚಗಿದ್ದು, ಮುಳ್ಳೂ ಕೆಳಗೇ ನಿಂತಿದ್ದರೆ ಥರ್ಮೋಸ್ಟಾಟಿನ ಮೇಲೆ ಸಂಶಯ ಬರುತ್ತದೆ.

ಥರ್ಮೋಸ್ಟಾಟನ್ನು ಪರೀಕ್ಷಿಸುವ ವಿಧಾನ ಶಾಲೆಯ ಪ್ರಯೋಗಶಾಲೆಯಲ್ಲಿ ಮಾಡಬಹುದಾದಷ್ಟು ಸರಳ. ಹೊರತೆಗೆದ ಥರ್ಮೋಸ್ಟಾಟನ್ನು ದಾರದಿಂದ ಕಟ್ಟಿ, ನೀರಿರುವ ಪಾತ್ರೆಯಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು, ಪಕ್ಕದಲ್ಲಿ ಉಷ್ಣತಾಮಾಪಕವನ್ನು ಇಟ್ಟು ನೀರನ್ನು ಕಾಯಿಸಬೇಕು. ಯಾವ ಡಿಗ್ರಿಗೆ ತೆರೆಯಬೇಕೆಂಬ ಅಂಕಿಯನ್ನು ಸಾಮಾನ್ಯವಾಗಿ ಅದರ ಮೇಲೆಯೇ ಒತ್ತಿರುತ್ತಾರೆ. ತಣ್ಣೀರಿನಲ್ಲಿಯೇ ಬಾಗಿಲು ತೆರೆದಿದ್ದರೆ ಅದು ನಿರುಪಯೋಗಿ. ನೀರು ಕುದಿದರೂ ತೆರೆಯದಿದ್ದರೆ ಅದು ನಿರುಪಯೋಗಿ ಮಾತ್ರವಲ್ಲ, ಎಂಜಿನ್ನಿಗೆ ಮಾರಕ.

ಕಟ್ಟಿಕೊಂಡ ಮರಿ ರೇಡಿಯೇಟರನ್ನು ಕೂಡಲೇ ಎಸೆಯಬೇಕಾಗಿಲ್ಲ. ಎರಡು ಕೊಳವೆಗಳನ್ನೂ ಕಳಚಿ, ಕೂಲಂಟು ಹರಿಯುವ ದಿಕ್ಕಿಗೆ ವಿರುದ್ಧವಾಗಿ ಕಡಿಮೆ ಒತ್ತಡದ ನೀರನ್ನು ಹಾಯಿಸಿದರೆ ತುಕ್ಕೂ ಕೆಸರೂ ಹೊರಬೀಳುವುದುಂಟು. ಒತ್ತಡ ಹೆಚ್ಚಾದರೆ ಅದರ ತೆಳುವಾದ ನಾಳಗಳು ಒಡೆಯುತ್ತವೆ. ಈ ಕೆಸರಿಗೆ ಕಾರಣ ಬಹುಮಟ್ಟಿಗೆ ಮಾಲೀಕರೇ. ವರ್ಷಗಟ್ಟಲೆ ಕೂಲಂಟು ಬದಲಾಯಿಸದಿರುವುದು, ಒಂದಕ್ಕೊಂದು ಹೊಂದದ ಎರಡು ಬಗೆಯ ಕೂಲಂಟುಗಳನ್ನು ಬೆರೆಸುವುದು, ಸೋರುವಿಕೆಯನ್ನು ನಿಲ್ಲಿಸುವುದೆಂಬ ಪುಡಿಯನ್ನು ಸುರಿಯುವುದು, ಇವೆಲ್ಲವೂ ಆ ಸಣ್ಣ ನಾಳಗಳಲ್ಲಿ ಹೂಳು ತುಂಬುತ್ತವೆ.

ಬರಿಯ ನೀರನ್ನೇ ಹಾಕಿದರೆ ಆಗದೆ ಎಂದು ಕೇಳಬಹುದು. ವಿನ್ನಿಪೆಗ್‌ನಲ್ಲಿ ಹಾಗೆ ಮಾಡಿದವನ ಎಂಜಿನ್ ಒಂದೇ ರಾತ್ರಿಯಲ್ಲಿ ಸೀಳಬಹುದು. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ; ಆ ಬಲವನ್ನು ಎರಕದ ಕಬ್ಬಿಣವೂ ತಡೆಯದು. ಆದುದರಿಂದ ನೀರಿಗೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಬೆರೆಸುತ್ತಾರೆ. ಎರಡನ್ನೂ ಸಮಪ್ರಮಾಣದಲ್ಲಿ ಸೇರಿಸಿದ ಮಿಶ್ರಣ ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ. ಸಮಪ್ರಮಾಣಕ್ಕೇ ಇಷ್ಟು ಗುಣವಿದ್ದರೆ ಶುದ್ಧ ಗ್ಲೈಕಾಲಿಗೆ ಇನ್ನೆಷ್ಟಿರಬೇಕು ಎಂದು ತೋರುವುದು ಸ್ವಾಭಾವಿಕ. ಆದರೆ ಶುದ್ಧ ಗ್ಲೈಕಾಲು ಸೊನ್ನೆಗಿಂತ ಸುಮಾರು 13 ಡಿಗ್ರಿ ಕೆಳಗೇ ಗಟ್ಟಿಯಾಗಿಬಿಡುತ್ತದೆ! ಬೇರೆಬೇರೆಯಾಗಿ ಬೇಗ ಹೆಪ್ಪುಗಟ್ಟುವ ಎರಡು ದ್ರವಗಳು ಕೂಡಿದಾಗ ಒಂದನ್ನೊಂದು ಹೆಪ್ಪುಗಟ್ಟಲು ಬಿಡುವುದಿಲ್ಲ. ಈ ದ್ರವ ರುಚಿಗೆ ಸಿಹಿ, ಆದರೆ ಕಡುವಿಷ. ನೆಲಕ್ಕೆ ಚೆಲ್ಲಿದ್ದನ್ನು ನೆಕ್ಕಿದ ನಾಯಿ ಬೆಕ್ಕುಗಳು ಸಾಯುತ್ತವೆ. ಹಳೆಯ ಕೂಲಂಟನ್ನು ಚರಂಡಿಗೆ ಸುರಿಯದೆ, ಮಕ್ಕಳ ಕೈಗೆ ಸಿಗದಂತೆ ಮುಚ್ಚಿದ ಪಾತ್ರೆಯಲ್ಲಿ ಇಡಬೇಕಾದುದು ಇದಕ್ಕಾಗಿ.

ಹೀಟರಿನ ಈ ವಿಚಾರ ಕರ್ನಾಟಕದ ಚಾಲಕರಿಗೂ ತೀರ ಹೊರತಾದುದಲ್ಲ. ಆಗುಂಬೆ, ಚಾರ್ಮಾಡಿಗಳ ಘಾಟಿಯಲ್ಲಿ ಮಳೆಗಾಲದ ಮಂಜು ಗಾಜಿನ ಒಳಮೈಗೆ ಕವಿದಾಗ ಹವಾನಿಯಂತ್ರಕದೊಡನೆ ತುಸು ಬಿಸಿಗಾಳಿಯನ್ನು ಗಾಜಿಗೆ ಬಿಟ್ಟರೆ ತೆರೆ ಸರಿದಂತೆ ದಾರಿ ಕಾಣುತ್ತದೆ. ಘಾಟಿ ಹತ್ತುವಾಗ ಎಂಜಿನ್ ಅತಿಯಾಗಿ ಕಾಯತೊಡಗಿದರೆ, ಹವಾನಿಯಂತ್ರಕವನ್ನು ನಿಲ್ಲಿಸಿ ಹೀಟರನ್ನು ಪೂರ್ತಿ ತೆರೆಯುವುದು ಅನುಭವಿಗಳು ಬಲ್ಲ ಉಪಾಯ. ಒಳಗೆ ಕುಳಿತವರು ಬೆವರುತ್ತಾರೆ, ನಿಜ. ಆದರೆ ಕಾರನ್ನು ಸುರಕ್ಷಿತವಾದ ಸ್ಥಳದಲ್ಲಿ ನಿಲ್ಲಿಸುವವರೆಗೆ ಆ ಮರಿ ರೇಡಿಯೇಟರು ದೊಡ್ಡದರ ಭಾರದಲ್ಲಿ ಪಾಲು ಹಂಚಿಕೊಳ್ಳುತ್ತದೆ. ಆಗಲೂ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಕೂಲಂಟು ಖಾಲಿಯಾಗಿದೆಯೆಂದು ತಿಳಿದು, ಎಂಜಿನ್ನನ್ನು ಆ ಕ್ಷಣವೇ ನಿಲ್ಲಿಸಬೇಕು.

ಈಗ ಪೆಟ್ರೋಲಿಲ್ಲದೆ ಬ್ಯಾಟರಿಯಿಂದಲೇ ಓಡುವ ಕಾರುಗಳು ವಿನ್ನಿಪೆಗ್‌ನ ಬೀದಿಗಳಲ್ಲಿಯೂ ಕಾಣಿಸುತ್ತವೆ. ಅವುಗಳ ಮೋಟಾರು ವ್ಯರ್ಥಮಾಡುವ ಶಾಖ ಬಹಳ ಕಡಿಮೆ. ಒಲೆಯೇ ಸಣ್ಣದಾದ ಮೇಲೆ ಅಟ್ಟಕ್ಕೆ ಬಿಸಿ ಎಲ್ಲಿಂದ ಬರಬೇಕು? ಆದುದರಿಂದ ಬಿಸಿಗಾಗಿಯೇ ಬ್ಯಾಟರಿಯ ವಿದ್ಯುತ್ತನ್ನು ಖರ್ಚುಮಾಡಬೇಕಾಗುತ್ತದೆ, ಚಳಿಗಾಲದಲ್ಲಿ ಅವು ಒಂದು ಸಲದ ಚಾರ್ಜಿಗೆ ಓಡುವ ದೂರವೂ ಕುಗ್ಗುತ್ತದೆ. ಕೆಲವು ಕಾರುಗಳಲ್ಲಿ ವಿದ್ಯುತ್ತಿನಿಂದ ನೇರವಾಗಿ ಗಾಳಿಯನ್ನು ಕಾಯಿಸುತ್ತಾರೆ. ಕೆಲವದರಲ್ಲಿ ಶೀತಕಯಂತ್ರವನ್ನು ತಿರುಗುಮುರುಗಾಗಿ ನಡೆಸಿ ಹೊರಗಿನ ಗಾಳಿಯಿಂದಲೇ ಶಾಖವನ್ನು ಸೆಳೆಯುತ್ತಾರೆ. ಇನ್ನು ಕೆಲವದರಲ್ಲಿ ವಿದ್ಯುತ್ತಿನಿಂದ ಕೂಲಂಟನ್ನು ಕಾಯಿಸಿ, ಸಣ್ಣ ಪಂಪಿನಿಂದ ಹಳೆಯ ಬಗೆಯ ಮರಿ ರೇಡಿಯೇಟರಿಗೇ ಕಳುಹಿಸುತ್ತಾರೆ. ಅಲ್ಲಿಯ ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಪಾಯದಷ್ಟು ವಿದ್ಯುತ್ತು ಹರಿಯುವುದರಿಂದ ತರಬೇತಿಯಿಲ್ಲದವರು ಅವನ್ನು ಮುಟ್ಟಬಾರದು. ಆದರೆ ಕೂಲಂಟಿನ ಡಬ್ಬಿಯನ್ನು ಇಣುಕಿ ನೋಡುವುದಕ್ಕೆ ಅಡ್ಡಿಯಿಲ್ಲ. ಅಂಥ ಕಾರಿನ ಹೀಟರೂ ತಣ್ಣಗಾದಾಗ ಅಲ್ಲಿಯ ಮೆಕ್ಯಾನಿಕರು ಮೊದಲು ನೋಡುವವುಗಳಲ್ಲಿ ಅದೂ ಒಂದು.